ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳನ್ನು ಯುರೋಪ್ ಅಳೆಯುವುದು ಹೇಗೆ?
ಯುರೋಪಿನವರು ಡೆಮಾಕ್ರಟಿಕ್ ಅಭ್ಯರ್ಥಿಯನ್ನೇ ಮೆಚ್ಚುವುದು ನಿಜವೇ, ಆ ಅಭ್ಯರ್ಥಿ ಗೆದ್ದರೆ ಅಮೆರಿಕ-ಯುರೋಪ್ ಸಂಬಂಧ ಸುಧಾರಿಸುತ್ತದೆಯೇ ಎಂಬುದು ಪ್ರಶ್ನೆ.

ಪಶ್ಚಿಮ ಯುರೋಪಿನ ಜನಾಭಿಪ್ರಾಯದ ಮಟ್ಟಿಗೆ ಮೊದಲನೆಯದು ನಿಜ. 2008ರ ಜುಲೈನಲ್ಲಿ, ಇನ್ನೂ ಡೆಮಾಕ್ರಟಿಕ್ ಅಭ್ಯರ್ಥಿಯಾಗಿದ್ದ ಒಬಾಮಾ ಭಾಷಣಕ್ಕೆ ಬರ್ಲಿನ್‌ನಲ್ಲಿ ಸುಮಾರು 2 ಲಕ್ಷ ಜನ ಸೇರಿದ್ದರು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಒಬಾಮಾ ಅವಧಿಯ ಕೊನೆಗೆ ಅವರ ಮೇಲೆ ವಿಶ್ವಾಸವಿಟ್ಟಿದ್ದ ಜರ್ಮನ್ನರು ಶೇ 86. 2017ರಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಮೇಲೆ ಶೇ 11.

ಸರ್ಕಾರಗಳ ಲೆಕ್ಕಾಚಾರ ಬೇರೆ. ಡೆಮಾಕ್ರಟಿಕ್ ಪಕ್ಷದ ಬೈಡನ್ ಕಾಲದಲ್ಲೂ ಮುನಿಸಿಗೇನೂ ಕೊರತೆಯಿರಲಿಲ್ಲ. 2021ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಆಕಸ್ ರಕ್ಷಣಾ ಒಪ್ಪಂದದಿಂದ ಆಸ್ಟ್ರೇಲಿಯಾದ ಜಲಾಂತರ್ಗಾಮಿ ಗುತ್ತಿಗೆ ಕೈತಪ್ಪಿದಾಗ ಫ್ರಾನ್ಸ್ ವಾಷಿಂಗ್ಟನ್‌ನಿಂದ ತನ್ನ ರಾಯಭಾರಿಯನ್ನೇ ಕರೆಸಿಕೊಂಡಿತು. ಮರುವರ್ಷ ಅಮೆರಿಕ ತಂದ ಕಾಯ್ದೆ, ಉತ್ತರ ಅಮೆರಿಕದಲ್ಲಿ ಜೋಡಿಸಿದ ಎಲೆಕ್ಟ್ರಿಕ್ ಕಾರು ಕೊಂಡವರಿಗೆ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಯುರೋಪಿನ ಕಾರು ತಯಾರಕರಿಗೆ ಅದು ನೇರ ಹೊಡೆತವಾಗಿ ಕಂಡಿತು.

ಅಮೆರಿಕ ಮತ್ತು ಯುರೋಪಿನ ದೇಶಗಳ ಮಿಲಿಟರಿ ಕೂಟ ನ್ಯಾಟೊದ ಖರ್ಚಿನ ತಗಾದೆಯೂ ಟ್ರಂಪ್ ಹುಟ್ಟುಹಾಕಿದ್ದಲ್ಲ. ಜಿಡಿಪಿಯ ಶೇ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡುವ ಗುರಿಗೆ ಸದಸ್ಯ ದೇಶಗಳು ಒಪ್ಪಿದ್ದು 2014ರಲ್ಲಿ, ಒಬಾಮಾ ಇದ್ದಾಗಲೇ. ಟ್ರಂಪ್ ಬದಲಿಸಿದ್ದು ಬೆದರಿಕೆಯ ತೂಕವನ್ನು: ಖರ್ಚು ಮಾಡದವರನ್ನು ಕಾಪಾಡುವುದಿಲ್ಲ ಎಂದು 2024ರ ಪ್ರಚಾರದಲ್ಲಿ ಹೇಳಿಬಿಟ್ಟರು. 2025ರ ಹೇಗ್ ಶೃಂಗಸಭೆಯಲ್ಲಿ ಗುರಿ 2035ಕ್ಕೆ ಶೇ 5ಕ್ಕೇರಿತು (3.5 ನೇರ ರಕ್ಷಣೆಗೆ, 1.5 ಸಂಬಂಧಿತ ವೆಚ್ಚಕ್ಕೆ).

ಇನ್ನು 'ಯುರೋಪ್' ಒಂದೇ ದನಿಯಲ್ಲ. ಆಗ ಹಂಗೆರಿಯ ಪ್ರಧಾನಿಯಾಗಿದ್ದ ಒರ್ಬಾನ್ ಬಹಿರಂಗವಾಗಿಯೇ ಟ್ರಂಪ್ ಪರ ನಿಂತರು. ರಷ್ಯಾದ ಗಡಿಗೆ ಅಂಟಿಕೊಂಡ ಬಾಲ್ಟಿಕ್ ದೇಶಗಳಿಗೆ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಅಭ್ಯರ್ಥಿಯ ನಡೆನುಡಿಗಿಂತ ಅಮೆರಿಕದ ಸೈನಿಕರು ತಮ್ಮಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದೇ ಮುಖ್ಯ.