‘ಪಿಸೇ’ ಎಂದು ಇದ್ದಲ್ಲೆಲ್ಲ ‘ರ‍್ಯಾಮ್ಡ್ ಅರ್ತ್’ ಎಂದು ಬರೆಯಬಹುದೇ?

ಪ್ರಶ್ನೆ: ದಕ್ಷಿಣ ಫ್ರಾನ್ಸಿನ ಕಬ್ಬಿಣಯುಗದ ನೆಲೆಯೊಂದರ ಹಳೆಯ ಉತ್ಖನನ ವರದಿಯನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ಮಣ್ಣಿನ ಗೋಡೆಗಳನ್ನು ಕುರಿತು ‘ಪಿಸೇ’, ‘ಬೋಜ್’, ‘ತೋರ್ಶಿ’, ‘ಆದೋಬ್’ ಎಂಬ ಪದಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ನಿಘಂಟುಗಳ ಅರ್ಥಗಳು ಒಂದರೊಳಗೊಂದು ಕಲೆತಂತಿವೆ. ಪ್ರತಿಯೊಂದಕ್ಕೂ ಒಂದೊಂದು ಖಚಿತ ಇಂಗ್ಲಿಷ್ ಪದವನ್ನು ಗೊತ್ತುಮಾಡಿಕೊಳ್ಳಬಹುದೇ?

ಉತ್ತರ: ಮೂರಕ್ಕೆ ಬಹುಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದು, ‘ಪಿಸೇ’ಗೆ ಮಾತ್ರ ಹಾಗೆ ಮಾಡಬೇಡಿ. ಇವು ಮಣ್ಣಿನ ಜಾತಿಯ ಹೆಸರುಗಳಲ್ಲ, ಕೆಲಸದ ಹೆಸರುಗಳು. ಆದ್ದರಿಂದ ಪ್ರತಿ ಸಲವೂ ಗೋಡೆಯನ್ನು ಹೇಗೆ ಕಟ್ಟಿದ್ದರೆಂದು ವರದಿ ವಿವರಿಸುತ್ತದೆಯೋ ಅದನ್ನು ಮೊದಲು ಓದಿ, ಆಮೇಲೆ ಪದವನ್ನು ಆರಿಸಬೇಕು.

‘ಪಿಸೇ’ ಎಂಬುದು ಕುಟ್ಟುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ, ಲಿಯೋನ್ ಪ್ರಾಂತದ ಮಾತು. ಎರಡು ಹಲಗೆಗಳ ನಡುವೆ ತುಸುವೇ ತೇವವಿರುವ ಮಣ್ಣನ್ನು ಸುರಿದು, ದಮ್ಮಸು ಮಾಡಿ, ಹಲಗೆಗಳನ್ನು ಮುಂದಕ್ಕೆ ಸರಿಸುತ್ತಾ ಕಟ್ಟುವ ಗೋಡೆ ಅದು; ಇಂಗ್ಲಿಷಿನ ‘ರ‍್ಯಾಮ್ಡ್ ಅರ್ತ್’ ಎಂದರೂ ಇದೇ. ಇಂಥ ಗೋಡೆಗಳು ಆಫ್ರಿಕಾ ಮತ್ತು ಸ್ಪೇನಿನಲ್ಲಿ ಇದ್ದವೆಂದು ರೋಮಿನ ಲೇಖಕ ಪ್ಲಿನಿ 1ನೇ ಶತಮಾನದಲ್ಲೇ ಬರೆದಿದ್ದಾನೆ. ಲಿಯೋನಿನ ಫ್ರಾನ್ಸ್ವಾ ಕ್ವಾಂತ್ರೋ 1790ರಿಂದ ಪ್ರಕಟಿಸಿದ ಕಿರುಹೊತ್ತಗೆಗಳು ಈ ವಿಧಾನವನ್ನು ಯುರೋಪಿನಾದ್ಯಂತ ಪ್ರಸಿದ್ಧಿಗೊಳಿಸಿದವು. 1797ರಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಾಲೆಂಡ್ ಅವುಗಳ ಸಾರವನ್ನು ಇಂಗ್ಲಿಷಿಗೆ ತಂದಾಗ ‘ಪಿಸೇ’ ಎಂಬ ಫ್ರೆಂಚ್ ಪದವನ್ನೇ ಉಳಿಸಿಕೊಂಡರು. ಹೀಗೆ ಆ ಪದ ಇಂಗ್ಲಿಷಿನದೂ ಆಯಿತು. ನಿಮ್ಮ ತೊಡಕಿನ ಅರ್ಧ ಭಾಗ ಇಲ್ಲಿಂದಲೇ ಹುಟ್ಟುತ್ತದೆ. ಏಕೆಂದರೆ 20ನೇ ಶತಮಾನದ ಬಹುಭಾಗದಲ್ಲಿ ಫ್ರೆಂಚ್ ಹಾಗೂ ಇಂಗ್ಲಿಷ್ ಉತ್ಖನನಕಾರರಲ್ಲಿ ಅನೇಕರು ಇಟ್ಟಿಗೆಯ ಗೆರೆ ಕಾಣದ ಯಾವುದೇ ಮಣ್ಣಿನ ಗೋಡೆಯನ್ನು ‘ಪಿಸೇ’ ಎಂದೇ ಬರೆದುಬಿಡುತ್ತಿದ್ದರು. ಪಶ್ಚಿಮ ಏಷ್ಯಾದ ವರದಿಗಳಲ್ಲಿ ಈ ರೂಢಿ ಇನ್ನೂ ಹೆಚ್ಚು. ಇರಾಕಿನಲ್ಲಿ ‘ತೌಫ್’, ಇರಾನಿನಲ್ಲಿ ‘ಚೀನೆ’ ಎಂದು ಕರೆಯುವ, ಹಲಗೆಯ ಹಂಗಿಲ್ಲದೆ ಕೈಯಿಂದಲೇ ಏರಿಸಿದ ಗೋಡೆಗಳೂ ಅಲ್ಲಿ ‘ಪಿಸೇ’ ಆಗಿವೆ.

ಹಾಗೆ ಕೈಯಿಂದ ಏರಿಸುವ ವಿಧಾನಕ್ಕೆ ಫ್ರೆಂಚಿನ ಸರಿಯಾದ ಹೆಸರು ‘ಬೋಜ್’, ಇಂಗ್ಲಿಷಿನಲ್ಲಿ ‘ಕಾಬ್’. ಮಣ್ಣಿಗೆ ನೀರು, ಹುಲ್ಲು ಸೇರಿಸಿ ತುಳಿದು, ಹದವಾದ ಮೇಲೆ ಉಂಡೆ ಉಂಡೆಯಾಗಿ ಪೇರಿಸಿ, ಒಂದು ವರಸೆ ಬಿಗಿಯಾದ ಬಳಿಕ ಇನ್ನೊಂದನ್ನು ಇಡುವ ಈ ಕ್ರಮ ನಮ್ಮ ಹಳ್ಳಿಗಳ ಹಳೆಯ ಮನೆಗಳನ್ನು ಕಂಡವರಿಗೆ ಹೊಸದಲ್ಲ. ಎಚ್ಚರವಿರಲಿ: ‘ಬೋಜ್’ ಎಂದರೆ ಕಾಡುಹಂದಿ ಮಲಗುವ ಕೆಸರಿನ ತಾಣವೂ ಹೌದು, ಯಂತ್ರಾನುವಾದ ಅದನ್ನೇ ಹಿಡಿದುಕೊಳ್ಳಬಹುದು.

ಹಾಗಾದರೆ ನಿಮ್ಮ ವರದಿಯ ‘ಪಿಸೇ’ಯನ್ನು ಏನು ಮಾಡಬೇಕು? ಹಲಗೆಗಳನ್ನು ಹೊತ್ತ ಅಡ್ಡಗೂಟದ ತೂತುಗಳು, ಕುಟ್ಟಿದ ತೆಳುಪದರಗಳು, ಅಥವಾ ಹಲಗೆಯ ಅಚ್ಚು ಎಂಬರ್ಥದ ‘ಬಾಂಶ್’ ಎಂಬ ಪದ ಎಲ್ಲಿಯಾದರೂ ಇದೆಯೇ ನೋಡಿ. ಇದ್ದರೆ ನಿಶ್ಚಿಂತೆಯಿಂದ ‘ರ‍್ಯಾಮ್ಡ್ ಅರ್ತ್’ ಎನ್ನಿ. ಇಲ್ಲದಿದ್ದರೆ ‘ಪಿಸೇ’ಯನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಉಳಿಸಿ, ಮೊದಲ ಸಲ ಬಂದಾಗ ಅನುವಾದಕರ ಟಿಪ್ಪಣಿ ಕೊಡಿ, ಮುಂದೆ ‘ಮಾಸ್ ಅರ್ತ್’ (ಇಟ್ಟಿಗೆಯಿಲ್ಲದೆ ಒಂದೇ ಮುದ್ದೆಯಾಗಿ ಏರಿಸಿದ ಮಣ್ಣು) ಎಂಬ ತಟಸ್ಥ ಪದವನ್ನು ಬಳಸಬಹುದು. ಮೂಲ ಲೇಖಕರು ನೋಡದ ಹಲಗೆಯನ್ನು ಅನುವಾದಕರು ಗೋಡೆಗೆ ಕಟ್ಟಬಾರದು. ಹಾಗೆ ಕಟ್ಟಿದರೆ ಮುಂದಿನ ಸಂಶೋಧಕರು ಆ ತಂತ್ರ ಅಷ್ಟು ಹಿಂದೆಯೇ ಅಲ್ಲಿತ್ತೆಂದು ಉಲ್ಲೇಖಿಸುತ್ತಾರೆ, ಮತ್ತು ಆ ತಪ್ಪನ್ನು ಅಳಿಸುವುದು ಬಹಳ ಕಷ್ಟ. ದಕ್ಷಿಣ ಫ್ರಾನ್ಸಿನಲ್ಲೇ ಹಿಂದೆ ‘ಪಿಸೇ’ ಎನಿಸಿಕೊಂಡ ಹಲವು ಗೋಡೆಗಳನ್ನು ಮರುಪರಿಶೀಲನೆಯ ನಂತರ ‘ಬೋಜ್’ ಎಂದು ಗುರುತಿಸಲಾಗಿದೆ.

‘ತೋರ್ಶಿ’ಯ ವಿಷಯದಲ್ಲಿ ‘ವಾಟಲ್ ಅಂಡ್ ಡಾಬ್’ ಎಂದು ಬರೆಯುವ ಆತುರ ಬೇಡ. ಹೆಣೆದ ತಟ್ಟಿಗೆ ‘ಕ್ಲೇಯೋನಾಜ್’ ಎಂಬ ಬೇರೆ ಪದವಿದೆ. ‘ತೋರ್ಶಿ’ ಎಂಬುದು ಮುಖ್ಯವಾಗಿ ತಟ್ಟಿಗೆ ಮೆತ್ತಿದ ಹುಲ್ಲುಮಣ್ಣು, ಅಂದರೆ ‘ಡಾಬ್’. ಬೆಂಕಿಗೆ ಸಿಕ್ಕು ಗಟ್ಟಿಯಾದ, ಕಡ್ಡಿಗಳ ಗುರುತು ಉಳಿದಿರುವ ತುಂಡುಗಳನ್ನು ವರದಿ ಹೇಳುತ್ತಿದ್ದರೆ ಅಲ್ಲಿ ಸಿಕ್ಕಿರುವುದು ಮಣ್ಣು ಮಾತ್ರ, ತಟ್ಟಿಯಲ್ಲ. ಎರಡೂ ಸೇರಿದ ಗೋಡೆಯನ್ನು ಕುರಿತ ವಾಕ್ಯದಲ್ಲಷ್ಟೇ ಜೋಡಿಪದ ಸಲ್ಲುತ್ತದೆ.

‘ಆದೋಬ್’ ಮತ್ತು ‘ಬ್ರಿಕ್ ಕ್ರ್ಯೂ’ ಎರಡಕ್ಕೂ ‘ಮಡ್‌ಬ್ರಿಕ್’ ಸಾಕು. ‘ಅಡೋಬಿ’ ಎಂದರೆ ಇಂಗ್ಲಿಷ್ ಓದುಗರ ಮನಸ್ಸು ಅಮೆರಿಕದ ನೈಋತ್ಯ ಭಾಗಕ್ಕೆ ಹೋಗುತ್ತದೆ. ಮೂಲ ಲೇಖಕರು ಅಚ್ಚಿನಲ್ಲಿ ಹಾಕಿದ್ದು, ಕೈಯಲ್ಲಿ ರೂಪಿಸಿದ್ದು ಎಂದು ಭೇದ ಮಾಡಿದ್ದರೆ ಅದನ್ನು ವಿಶೇಷಣದಿಂದ ಕಾಪಾಡಿ. ‘ಕ್ರ್ಯೂ’ ಎಂದರೆ ಹಸಿ, ನಾವು ‘ಹಸಿ ಇಟ್ಟಿಗೆ’ ಎನ್ನುವಾಗಿನ ಅದೇ ಹಸಿ. ಕನ್ನಡಿಗರಿಗೆ ಫ್ರೆಂಚ್ ಇಲ್ಲಿ ಇಂಗ್ಲಿಷಿಗಿಂತ ಹತ್ತಿರ ಎನ್ನುವುದು ನನಗೆ ಸಂತೋಷದ ಸಂಗತಿ. ಆದರೆ ಕನ್ನಡದ ‘ಹಸಿ’ಗೆ ಒದ್ದೆ ಎಂಬ ಅರ್ಥವೂ ಉಂಟು, ‘ಕ್ರ್ಯೂ’ಗೆ ಅದಿಲ್ಲ; ಸುಡದ್ದು ಎಂದಷ್ಟೇ ತಿಳಿದು ‘ಅನ್‌ಫೈರ್ಡ್’ ಎನ್ನಿ. ಅದೇ ಪದ ನಾಮಪದವಾಗಿ ಬಂದರೆ ನದಿಯ ನೆರೆ ಎಂದರ್ಥ. ಪದರಗಳ ವಿವರಣೆಯಲ್ಲಿ ಇದನ್ನು ಗಮನಿಸಿ.

ಕೊನೆಗೆ ಎರಡು ಸಣ್ಣ ಮಾತುಗಳು. ಗೋಡೆಯ ‘ಫ್ರ್ವಿ’ ಎಂದು ಬಂದರೆ ಅದು ಹಣ್ಣಲ್ಲ, ಬುಡದಲ್ಲಿ ದಪ್ಪವಿದ್ದು ಮೇಲೇರಿದಂತೆ ಒಳಸರಿಯುವ ಓರೆ, ಇಂಗ್ಲಿಷಿನಲ್ಲಿ ‘ಬ್ಯಾಟರ್’. ಹಾಗೆಯೇ ಬೋಜ್ ಗೋಡೆಯ ಒಂದು ವರಸೆಯಾದ ‘ಲೆವೇ’, ಹಲಗೆಯೊಳಗೆ ಒಮ್ಮೆಗೆ ಕುಟ್ಟಿದ ಭಾಗವಾದ ‘ಬಾಂಶೇ’ ಎರಡೂ ಇಂಗ್ಲಿಷಿನಲ್ಲಿ ‘ಲಿಫ್ಟ್’ ಆಗಿಬಿಡುತ್ತವೆ. ಎರಡನೆಯದಕ್ಕೆ ‘ಶಟರ್ಡ್ ಲಿಫ್ಟ್’ ಎಂದು ಬರೆಯಿರಿ. ನಕ್ಷೆಗಳ ಅಡಿಬರಹಗಳಲ್ಲಿಯೂ ಇದೇ ಭೇದವನ್ನು ಪಾಲಿಸಿ.