ಚೌಕದ ಗುಂಡಿಯೊಂದನ್ನೇ ಒತ್ತಿದರೆ ಸಾಕೇ?

ಪ್ರಶ್ನೆ: ಸಾರ್, ಹೊಸದಾಗಿ ಒಂದು ಸೆಕೆಂಡ್ ಹ್ಯಾಂಡ್ ಪಿಎಸ್4 (ಪ್ಲೇಸ್ಟೇಷನ್ 4) ತಗೊಂಡಿದ್ದೀನಿ. ಚಿಕ್ಕವನಿದ್ದಾಗ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರಾಗನ್ ಬಾಲ್ ಝೆಡ್ ನೋಡಿ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ತಮ್ಮನ ಜೊತೆ ಆಡೋಕೆ ಡ್ರಾಗನ್ ಬಾಲ್ ಫೈಟರ್ಸ್ ಕೊಳ್ಳೋಣ ಅಂತ. ಫೈಟಿಂಗ್ ಗೇಮ್ ಇಬ್ಬರಿಗೂ ಗೊತ್ತಿಲ್ಲ. ಒಬ್ಬ ಗೆಳೆಯ ‘ಇದಕ್ಕಿಂತ ಸುಲಭದ್ದು ಇಲ್ಲ’ ಅಂತಾನೆ, ಇನ್ನೊಬ್ಬ ‘ಏಟು ತಿಂತಾ ನೋಡ್ಕೊಂಡು ಕೂರೋ ಆಟ’ ಅಂತಾನೆ. ಯಾರ ಮಾತು ನಂಬಲಿ?
— ಒಬ್ಬ ಓದುಗ, ತಿಪಟೂರು

ಉತ್ತರ: ಇಬ್ಬರೂ ನಿಜವನ್ನೇ ಹೇಳಿದ್ದಾರೆ. ಮೊದಲನೆಯವನು ಮೊದಲ ವಾರ ಆಡಿದ್ದಾನೆ, ಎರಡನೆಯವನು ಮೂರು ತಿಂಗಳು ಆಡಿದ್ದಾನೆ, ಅಷ್ಟೇ ವ್ಯತ್ಯಾಸ.

2018ರ ಜನವರಿಯಲ್ಲಿ ಬಂದ ಆಟ ಇದು. ಮಾಡಿದವರು ಯೋಕೊಹಾಮಾದ ಆರ್ಕ್ ಸಿಸ್ಟಮ್ ವರ್ಕ್ಸ್. (ಹೆಸರಿನ ಕೊನೆಗೆ ಝೆಡ್ ಅಂತ ಬರೆದು ‘ಫೈಟರ್ಸ್’ ಅಂತಲೇ ಓದಬೇಕು, ಅದೊಂದು ಶೋಕಿ.) ಮೂರು ಮೂರು ಜನರ ಎರಡು ತಂಡ. ಒಬ್ಬ ಅಖಾಡದಲ್ಲಿರುತ್ತಾನೆ, ಹೊರಗಿರುವ ಇಬ್ಬರು ಕೂಗಿದಾಗ ಬಂದು ಒಂದೇಟು ಹಾಕಿ ಹೋಗುತ್ತಾರೆ, ಇಲ್ಲವೇ ಪೂರ್ತಿ ಅದಲು ಬದಲಾಗುತ್ತಾರೆ. ಹೊರಗೆ ಕೂತವನ ಆಯಸ್ಸು ಸ್ವಲ್ಪ ಸ್ವಲ್ಪ ತುಂಬಿಕೊಳ್ಳುವುದರಿಂದ ಯಾವಾಗ ಯಾರನ್ನು ಒಳಗೆ ಕರೆಯಬೇಕು ಅನ್ನುವುದರಲ್ಲೇ ಅರ್ಧ ಆಟ ಇದೆ.

ಕಳೆದ ದೀಪಾವಳಿಗೆ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಎಂಟನೇ ಕ್ಲಾಸಿನ ಅಳಿಯ ಜೀವಮಾನದಲ್ಲಿ ಫೈಟಿಂಗ್ ಗೇಮ್ ಮುಟ್ಟಿದವನಲ್ಲ. ನಾನೋ, ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗೆ ತಿಂಡಿ ಕಾಸು ಸುರಿದು ಬೆಳೆದವನು. ಅವನು ಕಥೆಯ ನಾಯಕ ಗೋಕುವನ್ನು ಆರಿಸಿಕೊಂಡು ಚೌಕದ ಗುಂಡಿಯನ್ನು ಪಟಪಟ ಒತ್ತತೊಡಗಿದ. ಅಷ್ಟಕ್ಕೇ ಗೋಕು ಗುದ್ದಿ, ಮೇಲಕ್ಕೆತ್ತಿ, ಹಿಂದೆಯೇ ಹಾರಿ, ಬಾನಿನಿಂದ ನೆಲಕ್ಕೆ ಬಡಿದ. ಟಿವಿಯಲ್ಲಿ ನೋಡಿದ್ದೇ ಕೈಯಲ್ಲಿ ಆಗುತ್ತಿದೆ! ಮೊದಲ ಮೂರು ಆಟ ಅವನೇ ಗೆದ್ದ, ಸುಳ್ಳು ಹೇಳಲಾರೆ. ಹೊಸಬನನ್ನು ಮೊದಲ ಹತ್ತು ನಿಮಿಷದಲ್ಲೇ ಇಷ್ಟು ಗೌರವದಿಂದ ನಡೆಸಿಕೊಳ್ಳುವ ಫೈಟಿಂಗ್ ಗೇಮನ್ನು ನಾನು ಬೇರೆ ಕಂಡಿಲ್ಲ.

ನಾಲ್ಕನೆಯದರಲ್ಲಿ ಗಾಳಿ ತಿರುಗಿತು. ಎಲ್ಲಿದ್ದರೂ ಎದುರಾಳಿಯ ಮೇಲೆ ನೇರ ನುಗ್ಗುವ ‘ಸೂಪರ್ ಡ್ಯಾಶ್’ ಅವನಿಗೆ ರುಚಿ ಹತ್ತಿತ್ತು, ಎದುರಾಳಿ ಎಸೆಯುವ ಸಣ್ಣಪುಟ್ಟ ‘ಕೀ’ (ಒಳಶಕ್ತಿ) ಉಂಡೆಗಳನ್ನು ಅದು ಸೀಳಿಕೊಂಡೇ ಬರುತ್ತದೆ. ನಾನು ಸುಮ್ಮನೆ ಕಾದು, ಕೆಳಗೆ ಒತ್ತಿ ಹಿಡಿದು ಜೋರಿನ ಗುಂಡಿ ಒತ್ತಿದೆ. ಇದು ಎಲ್ಲ ಪಾತ್ರಗಳಿಗೂ ಇರುವ, ಮೇಲಿನಿಂದ ಬಂದವನನ್ನು ಎತ್ತಿ ಎಸೆಯುವ ಏಟು. ಅವನು ಮತ್ತೆ ನುಗ್ಗಿದ, ಮತ್ತೆ ಅದೇ. “ಇದು ಮೋಸ ಮಾವ” ಅಂದ. ಐದನೆಯದರಲ್ಲಿ ನನ್ನ ಕೈಗೆ ಸಿಕ್ಕ, ಕಾಂಬೋ ಹಾಕಿದೆ, ಅಂದರೆ ಬಿಡುವಿಲ್ಲದ ಏಟಿನ ಸರಣಿ. ಹುಡುಗ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದ, ಮುರಿದ, ತಿಂದ. “ಮುಗೀತಾ ಮಾವ?” ಇನ್ನೂ ಮುಗಿದಿರಲಿಲ್ಲ.

ನಿಮ್ಮ ಎರಡನೆಯ ಗೆಳೆಯ ಹೇಳಿದ್ದು ಈ ಚಕ್ಕುಲಿಯ ವಿಷಯ. ಇದೇ ಕಂಪನಿಯ ಗಿಲ್ಟಿ ಗೇರ್‌ನಲ್ಲಿ ಏಟು ತಿನ್ನುತ್ತಿರುವಾಗಲೇ ಎದುರಾಳಿಯನ್ನು ಕೊಡವಿಹಾಕಲು ‘ಬರ್ಸ್ಟ್’ ಎಂಬ ದಾರಿ ಇದೆ. ಇಲ್ಲಿ ಇಲ್ಲ. ಆಟಕ್ಕೊಂದೇ ಸಲ ಸಿಗುವ ‘ಸ್ಪಾರ್ಕಿಂಗ್’ ಇದ್ದರೂ ಏಟು ತಿನ್ನುತ್ತಿರುವವನಿಗೆ ಅದು ಬಳಕೆಗೆ ಬರುವುದಿಲ್ಲ. ಒಮ್ಮೆ ಸಿಕ್ಕಿಬಿದ್ದರೆ ನೀವು ಪ್ರೇಕ್ಷಕರು.

ನನ್ನ ಇನ್ನೊಂದು ತಕರಾರು ರುಚಿಯದು. ಸೂಪರ್ ಡ್ಯಾಶ್, ಮಾಯವಾಗಿ ಬೆನ್ನ ಹಿಂದೆ ಬಂದು ಒದೆಯುವ ‘ವ್ಯಾನಿಶ್’, ಒಂದೇ ಗುಂಡಿಯ ಸರಮಾಲೆ, ಇವು ಎಲ್ಲರಿಗೂ ಇವೆ. ವಿಶೇಷ ಏಟುಗಳೂ ಬಹುಪಾಲು ಕಂಟ್ರೋಲರಿನ ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಗುಂಡಿ ಒತ್ತುವಂಥವೇ. ಗೋಕುವನ್ನು ಕಲಿತರೆ ಖಳನಾಯಕ ಫ್ರೀಜಾ ಅರ್ಧ ಬಂದಂತೆ. ಕಲಿಯುವವನಿಗೆ ಇದು ವರ. ಆದರೆ ನೂರು ಗಂಟೆ ಆದಮೇಲೆ ದಿನಾ ಅದೇ ಸಾರಿಗೆ ಬೇರೆ ಬೇರೆ ಒಗ್ಗರಣೆ ಹಾಕಿದ ಹಾಗೆ ಅನ್ನಿಸುತ್ತದೆ. ಶುರುವಿನಲ್ಲಿ 24 ಪಾತ್ರ ಇದ್ದವು, ಈಗ 40 ದಾಟಿವೆ. ಅದರಲ್ಲಿ ಗೋಕುಗಳೇ ಐದು: ಸಾದಾ, ಹಳದಿ ಕೂದಲು, ನೀಲಿ ಕೂದಲು, ಬೆಳ್ಳಿ ಕಣ್ಣು, ಚಿಕ್ಕ ಹುಡುಗ. ಗೋಕು ಬ್ಲ್ಯಾಕ್‌ನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಪಿಎಸ್4 ಅಂದಿರಲ್ಲ, ಅದಕ್ಕೊಂದು ಮಾತು. ಆನ್‌ಲೈನ್ ಆಸೆಯಿಂದ ಕೊಳ್ಳಬೇಡಿ. ಆಟ ಸೆಕೆಂಡಿಗೆ 60 ಚೌಕಟ್ಟಿನಂತೆ (ಫ್ರೇಮ್, ಅಂದರೆ ಒಂದೊಂದು ಬಿಡಿ ಚಿತ್ರ) ಓಡುತ್ತದೆ. ನಿಮ್ಮ ಗುಂಡಿಯ ಸುದ್ದಿ ಎದುರಿನವನಿಗೆ ಮುಟ್ಟಲು 50 ಮಿಲಿಸೆಕೆಂಡ್ ಹಿಡಿದರೆ ಮೂರು ಚೌಕಟ್ಟು ಕಳೆದಿರುತ್ತವೆ. ಹಳೆಯ ಪದ್ಧತಿಯಲ್ಲಿ ಆ ಸುದ್ದಿ ಬರುವ ತನಕ ಇಬ್ಬರ ಆಟವನ್ನೂ ತಡೆದು ನಿಲ್ಲಿಸುತ್ತಾರೆ, ಕೈ ಬೆಲ್ಲದ ಪಾಕದೊಳಗೆ ಆಡಿದಂತಿರುತ್ತದೆ. ‘ರೋಲ್‌ಬ್ಯಾಕ್’ ಪದ್ಧತಿಯಲ್ಲಿ ಯಂತ್ರ ಕಾಯುವುದಿಲ್ಲ. ಎದುರಿನವನು ಏನು ಒತ್ತಿರಬಹುದು ಅಂತ ಊಹಿಸಿ ಮುಂದೆ ಹೋಗುತ್ತದೆ, ಊಹೆ ತಪ್ಪಿದರೆ ಹಿಂದೆ ಬಂದು ತಿದ್ದುತ್ತದೆ. 2024ರಲ್ಲಿ, ಅಂದರೆ ಆರು ವರ್ಷ ತಡವಾಗಿ, ಈ ಆಟಕ್ಕೆ ಅದು ಬಂತು. ಬಂದಿದ್ದು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಪಿಸಿಗೆ. ಪಿಎಸ್4ಗೂ ನಿಂಟೆಂಡೊ ಸ್ವಿಚ್‌ಗೂ ಹಳೆಯ ಪಾಕವೇ ಗತಿ.

ಕಥೆಗಾಗಿಯೂ ಕೊಳ್ಳಬೇಡಿ. ಆಂಡ್ರಾಯ್ಡ್ 21 ಎಂಬ ಹೊಸ ಪಾತ್ರ ಚೆನ್ನಾಗಿದೆ, ಪಾತ್ರಗಳ ನಡುವಿನ ಹರಟೆಗೆ ನಗು ಬರುತ್ತದೆ. ಆದರೆ ಅದೇ ತದ್ರೂಪಿಗಳನ್ನು ಮತ್ತೆ ಮತ್ತೆ ಬಡಿಯುವುದರಲ್ಲಿ ನನಗೆ ಎರಡು ಸಲ ತೂಕಡಿಕೆ ಬಂದಿತ್ತು.

ತಮ್ಮನ ಜೊತೆ ಒಂದೇ ಸೋಫಾದ ಮೇಲೆ ಕೂತು ಆಡುತ್ತೀರಾದರೆ ಕಣ್ಣು ಮುಚ್ಚಿ ತಗೊಳ್ಳಿ, ಎರಡನೇ ಕಂಟ್ರೋಲರ್‌ಗೂ ದುಡ್ಡು ತೆಗೆದಿಡಿ. ಆಡುತ್ತಾ ಡ್ರಾಗನ್ ಬಾಲ್ ಎಂಬ ಏಳು ಮಾಯಾ ಗೋಲಿ ಸೇರಿಸಿ, ಕೀ ಮಾಪಕ ಏಳರ ತನಕ ತುಂಬಿಸಿ, ಚೌಕದ ಗುಂಡಿಯ ಸರಮಾಲೆ ಪೂರ್ತಿ ಮಾಡಿದರೆ ಡ್ರಾಗನ್ ಶೆನ್‌ರಾನ್ ಬಂದು ವರ ಕೇಳು ಅನ್ನುತ್ತಾನೆ, ಸತ್ತ ಜೊತೆಗಾರನನ್ನೂ ಬದುಕಿಸಿಕೊಳ್ಳಬಹುದು. ಮನುಷ್ಯರ ಎದುರು ಆಡುವಾಗ ನಾನು ಇದನ್ನು ಕಂಡಿದ್ದು ಎರಡೇ ಸಲ. ಎರಡೂ ಸಲ ಸೋಲುತ್ತಿದ್ದವನು ನಾನೇ ಆಗಿದ್ದರೂ ಎದ್ದು ನಿಂತು ಕೂಗಿದ್ದೆ.

ಪ್ರಶ್ನೆ: ಈ ಆಟದ ವಿಡಿಯೋ ನೋಡಿದೆ. ಚಿತ್ರ ಕೈಯಲ್ಲಿ ಬಿಡಿಸಿದಂತಿದೆ, ಆದರೆ ಕ್ಯಾಮೆರಾ ಸುತ್ತ ತಿರುಗುತ್ತದೆ. ಹೇಗೆ?
— ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳಗಿರುವುದು ಪೂರ್ತಿ ಮೂರು ಆಯಾಮದ ಗೊಂಬೆ. ಆರ್ಕ್‌ನವರು 2014ರ ಗಿಲ್ಟಿ ಗೇರ್ ಎಕ್ಸ್‌ಆರ್‌ಡಿಯಲ್ಲಿ ಪಳಗಿಸಿದ ವಿದ್ಯೆ ಇದು. ಯಂತ್ರಕ್ಕೆ ಸಲೀಸಾಗಿ ಬರುವುದನ್ನು ಬೇಕೆಂದೇ ಕೆಡಿಸುವುದರಲ್ಲಿ ಅದರ ಗುಟ್ಟಿದೆ.

ಎರಡು ಭಂಗಿಗಳ ನಡುವೆ ಕಂಪ್ಯೂಟರ್ ತಾನಾಗಿ ನುಣ್ಣಗೆ ಚಲನೆ ತುಂಬುತ್ತದೆ. ಅದನ್ನು ಇವರು ಬಿಟ್ಟರು. ಒಂದೊಂದು ಭಂಗಿಯನ್ನೂ ಕೈಯಲ್ಲೇ ಕೂರಿಸಿ ಕೆಲವು ಚೌಕಟ್ಟು ಹಾಗೇ ನಿಲ್ಲಿಸುತ್ತಾರೆ, ಆಮೇಲೆ ತಟ್ಟನೆ ಮುಂದಿನ ಭಂಗಿ. ಜಪಾನಿನ ಟಿವಿ ಕಾರ್ಟೂನ್‌ನವರು ಚಿತ್ರಗಳ ಖರ್ಚು ಉಳಿಸಲು ಮಾಡುತ್ತಿದ್ದ ಉಪಾಯವೇ ಇಲ್ಲಿ ಸೊಗಸಾಗಿದೆ. ನೆರಳೂ ಅಷ್ಟೇ. ಪ್ರತಿ ಪಾತ್ರಕ್ಕೂ ಅದರದ್ದೇ ಒಂದು ಬೆಳಕಿದ್ದು, ಮೂಗು, ಗಲ್ಲದ ಕೆಳಗೆ ನೆರಳು ಎಲ್ಲಿ ಬೀಳಬೇಕೆಂದು ಕಲಾವಿದರೇ ತಿದ್ದುತ್ತಾರೆ. ಗುದ್ದು ಕ್ಯಾಮೆರಾದ ಕಡೆಗೆ ಬಂದರೆ ಮುಷ್ಟಿಯನ್ನು ನಿಜವಾಗಿಯೂ ದೊಡ್ಡದು ಮಾಡುತ್ತಾರೆ.

ವಿಡಿಯೋವನ್ನು ನಿಧಾನ ಮಾಡಿ ನೋಡಿ: ಹಿನ್ನೆಲೆ ನುಣ್ಣಗೆ ಸರಿಯುತ್ತಿದ್ದರೂ ಗೋಕು ಮಾತ್ರ ತಡೆತಡೆದು ಕದಲುತ್ತಾನೆ. ನಾಶವಾಗುತ್ತಿರುವ ನಮೆಕ್ ಗ್ರಹದ ಮೇಲೆ ಗೋಕು ಫ್ರೀಜಾನನ್ನು ಜೋರಿನ ಏಟಿನಿಂದ ಮುಗಿಸಿದರೆ ಹಳೆಯ ಕಥೆಯ ಅದೇ ದೃಶ್ಯ ಬರುತ್ತದೆ. ಅದನ್ನು ಹುಡುಕಿ ನೋಡಿ. ಆಗುವುದಾದರೆ ಜಪಾನಿ ದನಿಯಲ್ಲೇ ಕೇಳಿ. ಗೋಕುವಿಗೂ ಮಗ ಗೋಹಾನ್‌ಗೂ ದನಿ ಕೊಟ್ಟವರು ಮಸಾಕೊ ನೊಜಾವಾ. ಆಟ ಬಂದಾಗ ಆಕೆಗೆ 81 ವರ್ಷ.

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ತುಂಬಿದೆ. ಹೊಡೆದಾಟದ ಆಟ ಕೊಡಿಸಬಹುದಾ?
— ಒಬ್ಬ ತಾಯಿ, ಶಿರಸಿ

ಉತ್ತರ: ಯುರೋಪಿನ ಪೆಗಿ ಸಂಸ್ಥೆ ಇದಕ್ಕೆ ಕೊಟ್ಟಿರುವ ಮಿತಿ 12, ಅಮೆರಿಕದಲ್ಲಿ ಹದಿಹರೆಯದವರಿಗೆ ಎಂದಿದೆ. ಗುಡ್ಡ ಪುಡಿಯಾಗುತ್ತದೆ, ಗ್ರಹ ಸಿಡಿಯುತ್ತದೆ, ಕೈಕಾಲು ಕತ್ತರಿಸುವ ಬೀಭತ್ಸ ಇಲ್ಲ. ಹೊಡೆದಾಟಕ್ಕಿಂತ ನಿಮ್ಮ ಕಾರ್ಡಿನ ಮೇಲೆ ಕಣ್ಣಿಡಿ ತಾಯಿ. ಪಾತ್ರಗಳ ಬಣ್ಣದಂಥ ಅಲಂಕಾರಗಳ ಕ್ಯಾಪ್ಸೂಲ್‌ಗಳು ಆಟದ ದುಡ್ಡಿಗೇ ಸಿಗುತ್ತವೆ, ಆದರೆ ಆಮೇಲೆ ಸೇರಿದ ಪಾತ್ರಗಳಿಗೆ ನಿಜವಾದ ದುಡ್ಡು ಕೊಡಬೇಕು. ಕಾರ್ಡಿನ ನಂಬರನ್ನು ಯಂತ್ರದಲ್ಲಿ ಉಳಿಸಬೇಡಿ. ನಮ್ಮ ಮನೆಯಲ್ಲಿ ಉಳಿಸಿಟ್ಟಿದ್ದೆ; ಈಗ ಆಟದಲ್ಲಿರುವ ಐದು ಗೋಕುಗಳೂ ನನ್ನ ಹತ್ತಿರ ಇದ್ದಾರೆ.