ಪ್ರತಿ: ಚರ್ಚಿನ ಪುರುಷರ ಕೂಟಕ್ಕೆ ಜನ ಬರುತ್ತಿಲ್ಲ, ಏನು ಮಾಡೋದು?

ಶುರುವಿನಲ್ಲಿ ನಲವತ್ತು ಜನ, ಈಗ ಆರೇ ಜನ ಅಂತ ಬರೆದಿದ್ದೀರಿ. ತೊಂದರೆ ಸಭೆಯ ಸಮಯದ್ದಲ್ಲ, ಕೆಲಸದ್ದು ಅನಿಸುತ್ತೆ. ಚಪ್ಪರ ಹಾಕೋದು, ಕುರ್ಚಿ ಜೋಡಿಸೋದು ಬಿಟ್ಟು ಬೇರೇನೂ ಇಲ್ಲದಿದ್ದರೆ ಗಂಡಸರು ಹಬ್ಬಕ್ಕೆ ಮಾತ್ರ ಬರುತ್ತಾರೆ. ನಮ್ಮಲ್ಲೂ ಹೀಗೇ ಆಗಿತ್ತು.

ಮೊದಲು ಫಾದರ್ ಹತ್ತಿರ ಕೂತು, ಹಾಸಿಗೆ ಹಿಡಿದವರು, ಒಂಟಿ ಹಿರಿಯರು ಇರುವ ಮನೆಗಳ ಪಟ್ಟಿ ಮಾಡಿ. ಆಮೇಲೆ ಇಬ್ಬಿಬ್ಬರಿಗೆ ಒಂದೊಂದು ಮನೆ ಹಂಚಿ. ಒಬ್ಬರನ್ನೇ ಕಳಿಸಬೇಡಿ. ಇದು ಬಡವರಿಗೆ ನೆರವಾಗುವ ಕ್ಯಾಥೊಲಿಕ್ ಸಂಘಟನೆಯಾದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಹಳೇ ಪದ್ಧತಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಾಂ ಎಂಬ ವಿದ್ಯಾರ್ಥಿ ಮತ್ತು ಗೆಳೆಯರು ಅದನ್ನು ಶುರು ಮಾಡಿದ್ದೇ ಬಡವರ ಮನೆಗೆ ಹೋಗೋದರಿಂದ. ಹೋದಲ್ಲಿ ಉಪದೇಶ ಬೇಡ. ನಮ್ಮ ಮೊದಲ ಮನೆಯ ಅಜ್ಜನಿಗೆ ಪ್ರಾರ್ಥನೆಗಿಂತ ಮೊದಲು ಬೇಕಿದ್ದದ್ದು ಒಂದು ಬಲ್ಬು. ಬಚ್ಚಲಿನ ದೀಪ ಕೆಟ್ಟು ತಿಂಗಳಾಗಿತ್ತು, ಸ್ಟೂಲ್ ಹತ್ತೋಕೆ ಆಗ್ತಿರಲಿಲ್ಲ ಅಷ್ಟೆ.

ಸಭೆ ಒಂದು ಗಂಟೆ ಸಾಕು. ಸುವಾರ್ತೆಯ ಒಂದು ಭಾಗ ಓದಿ, ಮನೆಭೇಟಿಯ ಸುದ್ದಿ ಹೇಳಿ, ಕೊನೆಗೆ ಒಂದು ಚೀಲ ಸುತ್ತಿಸಿ. ಯಾರು ಎಷ್ಟು ಹಾಕಿದರು ಅಂತ ಗೊತ್ತಾಗಬಾರದು. ದೇಣಿಗೆ ಕೊಟ್ಟವರ ಹೆಸರು ಓದೋ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕಡಿಮೆ ಸಂಬಳದವರು ಸುಮ್ನೆ ದೂರ ಸರಿಯೋದು ಜಾಸ್ತಿ ಅದಕ್ಕೇ. ನೀವು ಭೇಟಿ ಕೊಟ್ಟ ಮನೆಯವರ ಕಷ್ಟವೂ ಸಭೆಯಿಂದ ಆಚೆ ಹೋಗಬಾರದು.

ಯುವಕರು ಬರ್ತಾರಾ ಅಂತ ಕೇಳಿದ್ದೀರಿ. ಖಚಿತವಾಗಿ ಹೇಳಲಾರೆ. ನಮ್ಮಲ್ಲಿ ಮೂವರು ಬಂದರು, ಅದೂ ಆಸ್ಪತ್ರೆಗೆ ಕರೆದೊಯ್ಯಲು ಬೈಕ್ ಇದ್ದವರು ಬೇಕು ಅಂದ ಮೇಲೆ.

ಹೊಸಬರಿಗೆ ಕಾಯಬೇಡಿ. ಆರು ಜನ ಅಂದರೆ ಮೂರು ಜೋಡಿ ಅಲ್ವಾ? ಈ ಭಾನುವಾರ ಪೂಜೆ ಮುಗಿದ ಮೇಲೆ ಮೂರು ಮನೆಗೆ ಹೋಗಿ ಬನ್ನಿ.